ಬಿಳಿ ಕರ್ಚೀಫಿನ ಡಾಕ್ಟರು

ಅವಳು ಅಗೆಯುವ ಮಷೀನಿನ ಪಂಪಿನ ಮೈಗೆ ಅಂಟಿದ್ದ ಗ್ರೀಸನ್ನು ಬಟ್ಟೆಯಿಂದ ಒರೆಸಿ, ನೀರಿನ ಗನ್ನನ್ನು ಎರಡೂ ಕೈಯಲ್ಲಿ ಹಿಡಿದು ಹೊಡೆಯತೊಡಗಿದಳು. ಪೈಪುಗಳ ಸಂದು, ವೈರುಗಳ ಗಂಟು, ಬೋಲ್ಟುಗಳ ನೆತ್ತಿ, ಯಾವುದನ್ನೂ ಬಿಡಲಿಲ್ಲ. ಕಪ್ಪು ನೀರು ಕಾಲ ಕೆಳಗೆ ಹರಿದು ಮೋರಿ ಸೇರಿತು. ಮೇಲೆ ಕ್ಯಾಬಿನ್ನಿನಲ್ಲಿ ಅದರ ಡ್ರೈವರು, ಅವಳ ಅಣ್ಣ, ಕೈಕಟ್ಟಿ ಕೂತಿದ್ದ.

ಶಾಲೆ ಬಿಟ್ಟು ಈ ಶೆಡ್ಡಿಗೆ ತೊಳೆಯುವ ಕೆಲಸಕ್ಕೆ ಬಂದು ಐದು ವರ್ಷವಾಗಿದ್ದರೂ ಫಿಟ್ಟರುಗಳು ಅವಳ ದನಿ ಕೇಳಿದ್ದು ಕಡಿಮೆ. ಮೂಕಿ ಎಂದೇ ಕರೆಯುತ್ತಿದ್ದರು. ಬಾಯಿಲ್ಲದವಳಿಗೆ ಕಣ್ಣೂ ಇರುವುದಿಲ್ಲ ಎಂದು ಅವರು ತಿಳಿದಿದ್ದರು.

ಇಷ್ಟು ತೊಳೆಯುವುದೆಲ್ಲ ಡಾಕ್ಟರಿಗಾಗಿ. ಡಾಕ್ಟರು ಎಂದರೆ ಲ್ಯಾಪ್‌ಟಾಪ್ ಹಿಡಿದು ಬರುವ ಎಂಜಿನಿಯರು. ಮಷೀನಿನ ರೋಗ ಹೇಳುತ್ತಾರೆಂದು ಶೆಡ್ಡಿನ ಯಜಮಾನರೇ ಕೊಟ್ಟ ಬಿರುದು. ಬಂದವರೇ ಜೇಬಿನಿಂದ ಬಿಳಿ ಕರ್ಚೀಫು ತೆಗೆದು ಪಂಪಿನ ಮೇಲೆ ಒಂದು ಸಲ ಎಳೆಯುತ್ತಿದ್ದರು. ಕರ್ಚೀಫು ಕಪ್ಪಾಯಿತೋ, ಲ್ಯಾಪ್‌ಟಾಪು ಚೀಲದಿಂದ ಹೊರಗೆ ಬರುತ್ತಿರಲಿಲ್ಲ. ಗ್ರೀಸಿಗೆ ಹೇಸುವವನು ಮಷೀನಿಗೆ ವೈದ್ಯನಾಗುವುದೂ ಒಂದೇ, ನೀರಿಗೆ ಹೆದರುವವನು ಈಜು ಕಲಿಸುವುದೂ ಒಂದೇ. ಯಜಮಾನರಿಗೆ ಮಾತ್ರ ಆ ಕರ್ಚೀಫಿನಲ್ಲೇ ಅರ್ಧ ವಿದ್ಯೆ ಕಾಣುತ್ತಿತ್ತು.

ತಿಂಗಳ ಹಿಂದೆ, ಪಂಪಿನ ಎಣ್ಣೆಯ ಒತ್ತಡ ಅಳೆಯುವ ಸೆನ್ಸರು ನಿಜವಾಗಿಯೂ ಕೆಟ್ಟಿತ್ತು. ಡಾಕ್ಟರು ಅದರ ವೈರಿನ ಕನೆಕ್ಟರನ್ನು ಸ್ಕ್ರೂಡ್ರೈವರಿನಿಂದ ಮೀಟಿ ಕಿತ್ತು, ಹೊಸ ಸೆನ್ಸರು ಕೂರಿಸಿ, ನಾಳೆಯಿಂದ ದಿನಾ ಬಂದು ನೋಡುತ್ತೇನೆ, ಬೆಳಿಗ್ಗೆಯೇ ತೊಳೆದಿಟ್ಟಿರಿ ಎಂದು ಹೇಳಿ ಹೋದರು. ಅಲ್ಲಿಯವರೆಗೆ ವಾರಕ್ಕೊಮ್ಮೆ ತೊಳೆದರೆ ಸಾಕಿತ್ತು. ಆ ಸಂಜೆ ಗುಡಿಸುವಾಗ ಅವಳಿಗೆ ಹರಿದ ಕಿತ್ತಳೆ ಬಣ್ಣದ ರಬ್ಬರ್ ಉಂಗುರವೊಂದು ಸಿಕ್ಕಿತು. ಮೇಸ್ತ್ರಿಗೆ ತೋರಿಸಿದರೆ, ಯಾವುದೋ ಬಾಟಲಿ ಮುಚ್ಚಳದ್ದು, ಬಿಸಾಕು ಎಂದ. ಅವಳು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಳು.

ಮರುದಿನದಿಂದ ಹೊಸ ಆಟ. ಬೆಳಿಗ್ಗೆ ಮಷೀನಿನ ತೋಳು ಮೇವು ಹೆಚ್ಚಾದ ಎಮ್ಮೆಯ ಹಾಗೆ ಮೆಲ್ಲಗೆ ಏಳುತ್ತಿತ್ತು. ಸೆನ್ಸರಿನಿಂದ ಬರುವ ಸುದ್ದಿ ಸರಿಯಿಲ್ಲ ಎಂದು ಲ್ಯಾಪ್‌ಟಾಪು ಹೇಳುತ್ತಿತ್ತು. ಆ ಸುದ್ದಿ ಕೆಟ್ಟರೆ ಕಂಟ್ರೋಲರ್ ಡಬ್ಬಿ ಪಂಪಿಗೆ ಕಡಿವಾಣ ಹಾಕುತ್ತದೆ ಎಂದು ಡಾಕ್ಟರೇ ಯಜಮಾನರಿಗೆ ನೂರು ಸಲ ವಿವರಿಸಿದ್ದರು. ನೆಲ ಒರೆಸುತ್ತ ಅವಳೂ ನೂರು ಸಲ ಕೇಳಿದ್ದಳು. ಡಾಕ್ಟರು ಮತ್ತೊಂದು ಸೆನ್ಸರು ಹಾಕಿದರು. ಹಾಕಿ ಮುಗಿಸುವಷ್ಟರಲ್ಲಿ ಬಿಸಿಲೇರಿ, ಎಣ್ಣೆ ಕಾದು, ಮಷೀನಿನ ಮೈಯೆಲ್ಲ ಒಣಗಿ, ತೋಳು ಸಲೀಸಾಗಿ ಎದ್ದಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಎಮ್ಮೆ. ಪಂಪಿನ ವಾಲ್ವು ಬದಲಾಯಿತು, ಆಮೇಲೆ ಡಬ್ಬಿಯೇ ಬದಲಾಯಿತು. ಪ್ರತಿ ಸಲವೂ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತಿತ್ತು; ಮುರಿದದ್ದು ತಾನೇ ಎಂದು ಕಾಗೆ ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತಿತ್ತು.

ನಡುವೆ ಒಂದು ದಿನ ಬೋರಿನ ಮೋಟರು ಸುಟ್ಟು ತೊಳೆಯಲು ನೀರಿರಲಿಲ್ಲ. ಕರ್ಚೀಫು ಕಪ್ಪಾಯಿತು, ಡಾಕ್ಟರು ಸಿಟ್ಟು ಮಾಡಿಕೊಂಡು ಹಾಗೇ ಹೊರಟುಹೋದರು. ಅವತ್ತು ತೋಳು ಬೆಳಿಗ್ಗೆಯಿಂದಲೇ ಹೂವೆತ್ತಿದಂತೆ ಎದ್ದಿತು. ಡಾಕ್ಟರ ಸಿಟ್ಟಿಗೆ ಮಷೀನೂ ಹೆದರಿತು ನೋಡಿ ಎಂದು ಯಜಮಾನರು ಹೇಳಿದರೆ ಫಿಟ್ಟರುಗಳು ನಕ್ಕರು. ಅವಳು ನಗಲಿಲ್ಲ. ಅದೇ ವಾರ, ಶೆಡ್ಡಿನ ಹಿಂದೆ ನಿಂತಿದ್ದ ಇದೇ ಥರದ ಇನ್ನೊಂದು ಮಷೀನಿನಲ್ಲಿ ಅದೇ ಕನೆಕ್ಟರನ್ನು ಬಿಚ್ಚಿ ನೋಡಿದಳು. ಅದರ ಬಾಯೊಳಗೆ ಕಿತ್ತಳೆ ಬಣ್ಣದ ಉಂಗುರ ಭದ್ರವಾಗಿ ಕೂತಿತ್ತು.

ಇವತ್ತೂ ಕರ್ಚೀಫು ಬೆಳ್ಳಗೆ ಬಂತು. ತೋಳು ಮಾತ್ರ ಏಳಲಿಲ್ಲ. ಬದಲಾಯಿಸಲು ಇನ್ನು ಉಳಿದಿದ್ದು ಒಂದೇ ಬಿಡಿಭಾಗ, ಅವಳ ಅಣ್ಣ.

"ಸಾಮಾನೆಲ್ಲ ಹೊಸದು ಸಾರ್," ಎಂದರು ಡಾಕ್ಟರು ಯಜಮಾನರಿಗೆ. "ಹಳೇದು ಅಂತ ಇರೋದು ಡ್ರೈವರ್ ಒಬ್ಬನೇ. ಬಾವೀಲಿ ಕೊಡ ಸೇದೋ ಹಾಗೆ ಲಿವರ್ ಎಳೀತಾನೆ."

ಒಂಬತ್ತು ವರ್ಷದಿಂದ ಅದೇ ಸೀಟಿನಲ್ಲಿ ಕೂತಿದ್ದೇನೆ, ಲಿವರನ್ನು ಎರಡು ಬೆರಳಿನಲ್ಲಿ ಹಿಡಿಯುತ್ತೇನೆ ಎಂದು ಅಣ್ಣ ಕೆಳಗಿಳಿದು ಹೇಳಿಕೊಂಡ. ಯಜಮಾನರು ಕೈ ಅಡ್ಡ ಹಿಡಿದರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾಳೆ ಬೆಳಿಗ್ಗೆನೂ ಹೀಗೇ ಆದ್ರೆ ಕೀಲಿ ಕೊಟ್ಟು ಮನೇಲಿರಪ್ಪ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಕೈ ಒರೆಸಿಕೊಂಡು ಮಷೀನಿನ ಮೆಟ್ಟಿಲೇರಿದಳು. ಕನೆಕ್ಟರಿನ ಲಾಕನ್ನು ಹೆಬ್ಬೆರಳಿನಿಂದ ಒತ್ತಿ ಎಳೆದು ಅಂಗೈ ಮೇಲೆ ಬೋರಲು ಹಾಕಿದಳು. ಮೂರು ಹನಿ ಬಿತ್ತು.

"ಒಳಗೆ ನೀರು, ಸಾರ್."

"ಈಗ ತಾನೇ ನೀನೇ ತೊಳೆದಿದ್ದೀಯಲ್ಲಮ್ಮ," ಎಂದರು ಡಾಕ್ಟರು. "ನೀರಿರದೆ ಹಾಲಿರುತ್ತಾ?"

ಎಲ್ಲರೂ ನಕ್ಕರು. ತಿಂಗಳಿಂದ ಹುಡುಕುತ್ತಿದ್ದ ರೋಗವನ್ನು ಡಾಕ್ಟರು ತಮ್ಮ ಬಾಯಿಂದಲೇ ಹೇಳಿ ಮುಗಿಸಿದ್ದರು, ಅವರ ಕಿವಿಗೆ ಮಾತ್ರ ಅದು ಬೀಳಲಿಲ್ಲ. ಅವಳು ಬೆಂಕಿಪೊಟ್ಟಣ ತೆರೆದು ಉಂಗುರವನ್ನು ಹನಿಗಳ ಪಕ್ಕದಲ್ಲಿಟ್ಟಳು.

"ಶೆಡ್ಡಿನ ಹಿಂದಿರೋ ಮಷೀನಲ್ಲಿ ನೀರು ಒಳಗೆ ಹೋಗದ ಹಾಗೆ ಇದು ಬಾಯಲ್ಲೇ ಇದೆ. ಇದರಲ್ಲಿಲ್ಲ. ನೀವು ಮೀಟಿದ ದಿನ ಹರಿದು ಬಿದ್ದಿದ್ದು."

ಡಾಕ್ಟರ ನಗು ಅರ್ಧಕ್ಕೇ ನಿಂತಿತು. ಕಣ್ಣು ಉಂಗುರದ ಮೇಲೆ, ಆಮೇಲೆ ತಮ್ಮ ಚೀಲದ ಸ್ಕ್ರೂಡ್ರೈವರಿನ ಮೇಲೆ ಹೋಗಿಬಂತು. ಅವರಿಗೆ ತಿಳಿಯಿತು ಎಂಬುದು ಅವಳಿಗೂ ತಿಳಿಯಿತು.

"ರಬ್ಬರ್ ಚೂರು ನೋಡಿ ರೋಗ ಹೇಳೋ ಹಾಗಿದ್ರೆ ನಾನ್ಯಾಕೆ ಲ್ಯಾಪ್‌ಟಾಪ್ ಹೊರಬೇಕಿತ್ತು ಸಾರ್?"

ಯಜಮಾನರು ತಲೆದೂಗಿ, ಮೂಕಿಗೂ ಬಾಯಿ ಬಂತಲ್ಲ ಎಂದರು. ಬಾಟಲಿ ಮುಚ್ಚಳದ ಮಾತು ನೆನಪಾಗಿ ಮೇಸ್ತ್ರಿ ಉಗುರು ನೋಡಿಕೊಳ್ಳುತ್ತ ನಿಂತ. ಅಣ್ಣನೇ ಅವಳ ತೋಳು ಹಿಡಿದು, ಸಾಕು ಇಳಿಯೇ ಎಂದು ಪಿಸುಗುಟ್ಟಿದ. ಮೂರು ಹನಿ ನೀರನ್ನು ಒಪ್ಪಿಕೊಂಡರೆ ಮೂವರು ದೊಡ್ಡವರು ದಡ್ಡರಾಗಬೇಕಿತ್ತು. ಅದಕ್ಕಿಂತ ಒಬ್ಬ ಡ್ರೈವರು ಮನೆಗೆ ಹೋಗುವುದು ಅವರಿಗೆ ಸುಲಭ.

ಅವಳು ಇಳಿಯಲಿಲ್ಲ.

"ನಾಳೆ ತೊಳೆಯೋದು ಬೇಡ. ಹಾಗೇ ಓಡಿಸಿ ನೋಡಿ."

ಡಾಕ್ಟರು ಕರ್ಚೀಫನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಯಜಮಾನರು ಆಫೀಸಿನ ಕಡೆ ತಿರುಗಿದರು. ಮೇಸ್ತ್ರಿ ಗನ್ನಿನ ಪೈಪನ್ನು ಸುತ್ತತೊಡಗಿದ. ಅಂಗೈಯ ನೀರು ಮೊಣಕೈಯವರೆಗೆ ಇಳಿದಿತ್ತು.

"ಒಂದೇ ದಿನ, ಸಾರ್. ತೊಳೆಯದೆ ನೋಡಿ."