ಕನ್ನಡಕದ ದಾರ

"ಅಲ್ಲಾ, ಸಿ.ಡಿ. ತಿರುಗ್ತಿದೆ, ಪರದೆ ಮೇಲೆ ಸೆಕೆಂಡು ಓಡ್ತಿದೆ, ಹಾಗಾದ್ರೆ ದನಿ ಎಲ್ಲಿಗೆ ಹೋಗಿ ಸತ್ತಿತು?"

ಮೇಜಿನ ಕೆಳಗೆ ಮಂಡಿಯೂರಿದ್ದ ಮಗ ಕೇಳಿದ್ದು ಯಾರನ್ನೂ ಅಲ್ಲ. ಕಂಪ್ಯೂಟರಿನೊಳಗೇ ಇದ್ದ ಹಾಡುಗಳು ಸ್ಪೀಕರಿನಲ್ಲಿ ಸರಾಗವಾಗಿ ಬರುತ್ತಿದ್ದವು. ಸಿ.ಡಿ. ಹಾಕಿದರೆ ಮಾತ್ರ ಪೆಟ್ಟಿಗೆಗೆ ಗರ ಬಡಿದಂತೆ. ಪರದೆಯ ಮೇಲಿನ ವಾಲ್ಯೂಮ್ ಗೆರೆಗಳನ್ನೆಲ್ಲ ತುದಿ ಮುಟ್ಟಿಸಿದ್ದಾಯಿತು, ಸ್ಪೀಕರಿನ ಪಿನ್ನು ಕಿತ್ತು ಒರೆಸಿ ಚುಚ್ಚಿದ್ದಾಯಿತು, ಮೂರು ಸಲ ಆರಿಸಿ ಹಾಕಿದ್ದೂ ಆಯಿತು.

ಹಿಂದೆ ಕುರ್ಚಿಯಲ್ಲಿ ತಂದೆ, ತೊಡೆಯ ಮೇಲೆ ಸ್ಲೇಟು. ಗಂಟಲಿನ ಆಪರೇಷನ್ನಿಗೆ ಹೋಗುವ ಮುನ್ನಾದಿನ, ಬಾಯಿಪಾಠವಿದ್ದ ಪದ್ಯಗಳಲ್ಲಿ ಹನ್ನೊಂದನ್ನು ರಾಗವಾಗಿ ಓದಿ ಈ ಸಿ.ಡಿ. ಮಾಡಿಸಿದ್ದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ನಾಲ್ಕು ತಿಂಗಳು ದಿಂಬಿನ ಕೆಳಗಿದ್ದ ಸಿ.ಡಿ.ಯನ್ನು ಇವತ್ತು ತಾವಾಗಿಯೇ ತಂದು, ಸ್ಲೇಟಿನ ಮೇಲೆ 'ಹಾಕು' ಎಂದು ಬರೆದಿದ್ದರು. ಈಗ ಅದೇ ಸ್ಲೇಟಿನ ಮೇಲೆ 'ಬೇಡ ಬಿಡು' ಎಂದಿತ್ತು. ಇವತ್ತು ತಪ್ಪಿದರೆ ಅಪ್ಪ ಇನ್ನೊಮ್ಮೆ ಕೇಳುವ ಆಸಾಮಿಯಲ್ಲ. ಅದಕ್ಕೇ ಮಗನಿಗೆ ಮೈಯೆಲ್ಲ ಉರಿ.

"ರೀ, ಸಿ.ಡಿ. ಹಾಕೋ ಬಾಯಿ ಕೆಳಗೆ ಈ ತೂತು ಯಾತಕ್ಕೆ?" ಹೆಂಡತಿ ಬಗ್ಗಿ ಕೇಳಿದಳು.

"ಸೊಳ್ಳೆ ಹೋಗಿ ಬರೋದಕ್ಕೆ! ಸ್ವಲ್ಪ ಸುಮ್ನಿರ್ತೀಯಾ?"

ಅವಳು ಸುಮ್ಮನಿರಲಿಲ್ಲ. ತನ್ನ ಹೆಡ್‌ಫೋನ್ ತಂದು ಆ ತೂತಿಗೆ ಚುಚ್ಚಿ ಕಿವಿಗಿಟ್ಟಳು. ಮುಖ ಬದಲಾಯಿತು. "ಮಾವಾ..." ಎಂದವಳೇ ಕುರ್ಚಿಯನ್ನು ಪೆಟ್ಟಿಗೆಯ ಪಕ್ಕಕ್ಕೆಳೆದು ಅದನ್ನು ಅವರ ಕಿವಿಗೆ ಹಾಕಿದಳು.

ತಂದೆಯ ಕಣ್ಣು ಮುಚ್ಚಿತು. ಬೆರಳುಗಳು ಸ್ಲೇಟಿನ ಚೌಕಟ್ಟಿನ ಮೇಲೆ ತಾಳ ತಟ್ಟತೊಡಗಿದವು. ತುಟಿ ಪದ್ಯದ ಹಿಂದೆ ಹಿಂದೆಯೇ ನಡೆಯಿತು.

ಮಗ ಹಣೆ ಚಚ್ಚಿಕೊಂಡ. ದನಿ ಆ ತೂತಿನವರೆಗೆ ಬದುಕಿದೆ. ಅಲ್ಲಿಂದ ಸ್ಪೀಕರಿಗೆ ದಾಟುವ ದಾರಿಯೇ ಇಲ್ಲ. "ಹೋದ ತಿಂಗಳು ಪೆಟ್ಟಿಗೆ ಬಿಚ್ಚಿ ಧೂಳು ಹೊಡೆದಾಗ ಒಂದು ಸಣ್ಣ ವೈರು ಉಳಿದಿತ್ತಲ್ಲ, ಎಲ್ಲಿ?"

"ಅದಿಲ್ಲದೆ ಎಲ್ಲಾ ನಡೀತಿದೆ, ಮಾಡಿದೋರಿಗೇ ತಲೆ ಇಲ್ಲ ಅಂತ ಬೀಗಿದ್ದು ಯಾರೋ?" ಹೆಂಡತಿ ಮಾವನ ಕೊರಳಿನತ್ತ ಗದ್ದ ಎತ್ತಿ ತೋರಿಸಿದಳು. ಕನ್ನಡಕ ಬೀಳದ ಹಾಗೆ ಕಟ್ಟಿದ ಬೂದು ದಾರ. "ಗಂಟು ಹಾಕಿದ್ದೂ ನೀವೇ."

ಮಗ ಹೆಡ್‌ಫೋನಿನ ಒಂದು ಬದಿಯನ್ನು ಮೆಲ್ಲಗೆ ಸರಿಸಿದ. "ಅಪ್ಪಾ, ಆ ವೈರು ಬಿಚ್ಚಿಕೊಡಿ. ಹತ್ತೇ ನಿಮಿಷ. ಸ್ಪೀಕರಿಗೆ ಜೋಡಿಸ್ತೀನಿ, ಎಲ್ಲರೂ ಕೇಳೋಣ."

ತಂದೆ ಕಣ್ಣು ತೆರೆಯಲಿಲ್ಲ. ಸರಿದದ್ದನ್ನು ಮತ್ತೆ ಕಿವಿಗೆ ಎಳೆದುಕೊಂಡರು. ಅಂಗೈಯಿಂದ ಸ್ಲೇಟು ಒರೆಸಿ, ಬಳಪದಿಂದ ಕುರುಡಾಗಿ, ದೊಡ್ಡದಾಗಿ ಬರೆದರು: 'ಕೊಡಲ್ಲ.'