ಮುಟ್ಟಬೇಡಿ ಸಾಹೇಬರು

"ಹುಷಾರು, ಹುಷಾರು! ಉಜ್ತಾ ಇದೆ ಕಣ್ರಪ್ಪ, ಉಜ್ತಾ ಇದೆ!"

ಮೆಟ್ಟಿಲ ಬುಡದಲ್ಲಿ ನಿಂತು ಹೀಗೆ ಕೂಗಿದವನು ನಗರಸಭೆಯ ಪಾರಂಪರಿಕ ಕಟ್ಟಡಗಳ ಅಧಿಕಾರಿ. ಮೇಲೆ, ಮರದ ಸುರುಳಿ ಮೆಟ್ಟಿಲು ಮೊದಲ ಸುತ್ತು ತಿರುಗುವ ಕಡೆ, ಸ್ಟ್ರೆಚರ್ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಅದರ ಮೇಲೆ ಬಿಳಿ ಹೊದಿಕೆಯೊಳಗೆ ಟೇಲರಮ್ಮ ಒಂದು ಪಕ್ಕಕ್ಕೆ ಜಾರುತ್ತಿದ್ದಳು. ಹೊತ್ತವರು ಏದುಸಿರು ಬಿಡುತ್ತ, ಒಬ್ಬರ ಮೇಲೊಬ್ಬರು ರೇಗುತ್ತ, ಹೇಗೋ ಆಕೆಯನ್ನು ವಾಪಸ್ ಮಹಡಿಗೇ ಒಯ್ದರು.

"ನೋಡಿ, ಸಾರ್‌ಗೆ ಎಷ್ಟು ಸಂಕಟ ಆಯ್ತು," ಎಂದ ಟೇಲರಮ್ಮನ ಮಗ. ಸಿಟಿ ಬಸ್ಸಿನ ಡ್ರೈವರು. ಬೆಳಗಿನಿಂದ ಅತ್ತು ಅತ್ತು ಕಣ್ಣು ಕೆಂಡವಾಗಿತ್ತು. "ಅಮ್ಮನಿಗೆ ಇನ್ನೂ ನೋವಾಗುತ್ತೇನೋ ಅನ್ನೋ ಹಾಗೆ ಕೂಗಿಬಿಟ್ರು."

ಅಧಿಕಾರಿ ತಲೆ ತಗ್ಗಿಸಿದ. ಅವನು ಕೂಗಿದ್ದು ಟೇಲರಮ್ಮನಿಗಾಗಿ ಅಲ್ಲ. ಸ್ಟ್ರೆಚರಿನ ಕಬ್ಬಿಣದ ಹಿಡಿ ಮೆಟ್ಟಿಲ ಕಟಕಟೆಯ ಕೆತ್ತನೆಗೆ ತಗುಲಿದ್ದು ಕಂಡು ಬಾಯಿ ತಾನಾಗಿಯೇ ತೆರೆದುಕೊಂಡಿತ್ತು. ಹೆಣದ ಕಡೆಗೆ ಕಣ್ಣು ಹೋದದ್ದು ಆಮೇಲೆ.

ಎಲ್ಲರ ಹಿಂದೆ ಅವನೂ ಮಹಡಿ ಹತ್ತಿದ. ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ ನಡುವೆ ಜಾಗ ಮಾಡಿದ್ದರು. ಕೆಳಗಿನ ಮಳಿಗೆಯಲ್ಲಿ ವಾಚ್ ರಿಪೇರಿ ಮಾಡುವ ಮುದುಕ ಬಾಗಿಲ ಚೌಕಟ್ಟಿಗೆ ಒರಗಿ ಸೊಂಟ ಹಿಡಿದುಕೊಂಡ.

"ಬೆಡ್‌ಶೀಟಲ್ಲಿ ಸುತ್ತಿ ಇಳಿಸಿಬಿಡ್ರಪ್ಪ. ಹೊತ್ತಾಗ್ತಾ ಇದೆ."

"ಮೂಟೆ ಥರಾನಾ ಮಾಮ?" ಮಗನ ದನಿ ಒಡೆಯಿತು. "ಊರಿಗೆಲ್ಲಾ ಅಳತೆ ತಪ್ಪದ ಹಾಗೆ ಹೊಲಿದುಕೊಟ್ಟೋಳು, ಕೊನೇಲಿ ಮೂಟೆಯಾಗಿ ಹೋಗ್ಬೇಕಾ? ನನ್ ಕೈಲಿ ಆಗಲ್ಲ."

"ಹಂಗಾದ್ರೆ ಕಿಟಕಿಯೊಂದೇ ದಾರಿ."

ಬೀದಿಗೆ ತೆರೆಯುವ ಆ ಕಿಟಕಿ ಅಗಲವಾದದ್ದೇ. ಆದರೆ ನಟ್ಟನಡುವೆ ಕೆತ್ತನೆಯ ಮರದ ಕಂಬವೊಂದಿತ್ತು. ಎಲ್ಲರೂ ಕಂಬ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಅಧಿಕಾರಿಯ ಕಡೆ ತಿರುಗಿದರು.

"ನನ್ ಬೋರ್ಡಿಗೆ ಒಂದು ಮೊಳೆ ಹೊಡೆದದ್ದಕ್ಕೇ ನೋಟಿಸ್ ಕೊಟ್ಟ ಮಹಾನುಭಾವರು," ಎಂದ ವಾಚ್‌ನವನು. "ಕಂಬ ಕಿತ್ರೆ ನಮ್ಮನ್ನೂ ಟೇಲರಮ್ಮನ ಜೊತೇಲೇ ಕಳಿಸಿಬಿಡ್ತಾರೆ."

"ಸುಮ್ನಿರು ಮಾಮ." ಮಗ ಅಧಿಕಾರಿಯ ಮುಂದೆ ಬಂದು ಕೈಮುಗಿದ. "ಸಾರ್, ಅದೊಂದು ತೆಗೆದ್ರೆ ಸ್ಟ್ರೆಚರ್ ನೆಟ್ಟಗೆ ಹೊರಗೆ ಬರುತ್ತೆ. ಆಮೇಲೆ ಇದ್ದ ಹಾಗೇ ಕೂರಿಸ್ತೀನಿ, ಅಮ್ಮನಾಣೆ. ದಯವಿಟ್ಟು ಒಪ್ಪಿಗೆ ಕೊಡಿ."

ಹೆತ್ತ ತಾಯಿಯನ್ನು ಸ್ವಂತ ಮನೆಯಿಂದ ಹೊರಗೊಯ್ಯಲು ಮಗ ಅಪ್ಪಣೆ ಬೇಡುತ್ತಿದ್ದ. ಅಧಿಕಾರಿಯ ನಾಲಗೆಯ ತುದಿಗೆ 'ಒಂದು ಅರ್ಜಿ' ಎಂಬ ಮಾತು ಬಂದೇಬಿಟ್ಟಿತ್ತು. ಉಗುಳಿನ ಜೊತೆ ನುಂಗಿಕೊಂಡ.

"ತೆಗೀರಿ," ಎಂದ. ದನಿ ಅವನಿಗೇ ಕೇಳಿಸಲಿಲ್ಲ. "ತೆಗೀರಪ್ಪ."

*

ಈ ಬೀದಿ ಇಂದು ನಿಂತಿದೆಯೆಂದರೆ ಅದಕ್ಕೆ ಅವನೇ ಕಾರಣ; ಸುಳ್ಳಲ್ಲ. ಇಡೀ ಸಾಲನ್ನು ಕೆಡವಿ ಅಂಗಡಿ ಕಟ್ಟಡ ಎಬ್ಬಿಸಲು ಹೊರಟವರ ಎದುರು ಅವನು ಒಬ್ಬನೇ ಓಡಾಡಿದ್ದ. ಆಗ ಮನೆಮನೆಗೆ ಹೋಗಿ, ಹೆದರಿದವರಿಗೆ ಧೈರ್ಯ ತುಂಬಿ, ಬೀದಿಯವರನ್ನು ಅವನ ಬೆನ್ನಿಗೆ ನಿಲ್ಲಿಸಿದವಳು ಟೇಲರಮ್ಮ. ಸಂರಕ್ಷಿತ ಕಟ್ಟಡವೆಂಬ ಹಿತ್ತಾಳೆಯ ಫಲಕ ಮೊದಲು ಬಿದ್ದದ್ದು ಆಕೆಯ ಗೋಡೆಗೇ. ಅಂದಿನಿಂದ ಅವನು ಬಂದಾಗಲೆಲ್ಲ, ಬಣ್ಣ ಬಳಿಯಬೇಡಿ, ಮೊಳೆ ಹೊಡೆಯಬೇಡಿ, ಅದನ್ನು ಮುಟ್ಟಬೇಡಿ ಎನ್ನುವುದು, ಆಕೆ ಕಿಟಕಿಯಿಂದ ಬಗ್ಗಿ, "ಬಂದ್ರಪ್ಪಾ ನಮ್ಮ ಮುಟ್ಟಬೇಡಿ ಸಾಹೇಬರು!" ಎಂದು ಬೀದಿಗೆಲ್ಲ ಕೇಳುವಂತೆ ಸಾರುವುದು.

ಮಂಡಿ ಸೋತ ಮೇಲೆ ಆಕೆ ಕೇಳಿದ್ದು ಒಂದೇ: ಹಿಂದುಗಡೆಯ ಗೋಡೆಗೆ, ಯಾರೂ ನೋಡದ ಗಲ್ಲಿಯ ಕಡೆ, ಒಂದು ಪುಟ್ಟ ಲಿಫ್ಟು. ಮಗ ಅದಕ್ಕೆಂದು ಎಲ್ಲ ಏರ್ಪಾಟು ಮಾಡಿಕೊಂಡಿದ್ದ.

"ಮೆಟ್ಟಿಲಿಗೆ ನನ್ನ ಮೂರರಷ್ಟು ವಯಸ್ಸು ಸಾಹೇಬ್ರೇ," ಎಂದು ನಕ್ಕಿದ್ದಳು. "ಆದ್ರೂ ನೋಡಿ, ಅದರ ಮಂಡಿ ಇನ್ನೂ ಗಟ್ಟಿ. ಕೈಕೊಟ್ಟಿರೋದು ನನ್ನದು. ಒಂದು ಬಾಗಿಲಿನಷ್ಟು ಗೋಡೆ ಒಡೆಯೋಕೆ ಬಿಡಿ."

"ಕಾನೂನು ಒಪ್ಪಲ್ಲಮ್ಮ."

"ಕಾನೂನು ಅಂದ್ಮೇಲೆ ನೀವಾದ್ರೂ ಏನ್ ಮಾಡ್ತೀರಿ, ಪಾಪ. ಇಲ್ಲಿ ಬನ್ನಿ, ಆ ಗುಂಡಿ ಈಗಲೋ ಆಗಲೋ ಅಂತಿದೆ." ಅವನು ನಿಂತಂತೆಯೇ ಅಂಗಿಯ ಗುಂಡಿ ಬಿಗಿಯಾಗಿ ಹೊಲಿದು, ದಾರವನ್ನು ಹಲ್ಲಲ್ಲಿ ಕಡಿದಿದ್ದಳು.

ಕಾನೂನು ಒಪ್ಪುತ್ತಿತ್ತು. ಮನೆಯವರ ಆರೋಗ್ಯಕ್ಕೆ ಅಗತ್ಯವೆಂದು ಅಧಿಕಾರಿಗೆ ಅನ್ನಿಸಿದರೆ ಹಿಂದಿನ ಗೋಡೆಯನ್ನು ಮಾರ್ಪಡಿಸಬಹುದೆಂದು ಅದರಲ್ಲೇ ಇತ್ತು. ಆ ಅಧಿಕಾರಿ ಎಂದರೆ ಅವನೇ. ಅನ್ನಿಸಬೇಕಾದದ್ದು ಅವನಿಗೇ. ಆದರೆ ಅದೇ ಸಮಯಕ್ಕೆ ಹೊರಗಿನಿಂದ ಪ್ರಶಸ್ತಿ ಸಮಿತಿಯವರು ಬೀದಿ ನೋಡಲು ಬರುವವರಿದ್ದರು. ಗೋಡೆಯಲ್ಲಿ ತೂತು ಕಂಡರೆ ಏನಂದಾರು? ಮುಂದಿನ ವರ್ಷ ಮಾಡಿಕೊಡೋಣ ಎಂದುಕೊಂಡ. ಪ್ರಶಸ್ತಿ ಬಂತು. ಮುಂದಿನ ವರ್ಷವೂ ಬಂತು. ಅಷ್ಟರಲ್ಲಿ ಇಲ್ಲ ಅನ್ನುವುದೇ ಅಭ್ಯಾಸವಾಗಿತ್ತು, ಆಕೆ ಕೇಳುವುದನ್ನೂ ಬಿಟ್ಟಿದ್ದಳು.

ಬರಬರುತ್ತ ಟೇಲರಮ್ಮ ಬೀದಿಗೆ ಇಳಿಯುವುದೇ ನಿಂತಿತು. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿ, ಹೊಲಿಯುವ ಬಟ್ಟೆ ಎಲ್ಲ ಮೇಲೆಳೆದುಕೊಳ್ಳುತ್ತಿದ್ದಳು. ಬೆಳಗಿನ ಬಿಸಿಲಲ್ಲಿ ಆ ಬುಟ್ಟಿ, ಆ ಕೆತ್ತನೆ, ಆ ನಗುಮುಖ ಎಷ್ಟು ಚೆಂದ ಕಂಡವೆಂದರೆ, ಅವನೇ ಫೋಟೋ ತೆಗೆದು ನಗರಸಭೆಯ ಕ್ಯಾಲೆಂಡರಿಗೆ ಹಾಕಿಸಿದ.

*

"ಅತ್ತೇದು ಚೆನ್ನಾಗಿರೋ ಫೋಟೋ ಇದೊಂದೇ ಇದ್ದದ್ದು ಸಾರ್," ಎಂದಳು ಸೊಸೆ.

ಆ ಕ್ಯಾಲೆಂಡರ್ ಚಿತ್ರಕ್ಕೇ ಚೌಕಟ್ಟು ಹಾಕಿ ತಲೆಯ ಪಕ್ಕ ಇಟ್ಟಿದ್ದಳು. ಅವಳ ಗಂಡ ಸುತ್ತಿಗೆಯಿಂದ ಕಂಬದ ಬೆಣೆಗಳನ್ನು ತಟ್ಟಿ ಸಡಿಲಿಸುತ್ತಿದ್ದ.

"ಕೆಳಗೆ 'ಜೀವಂತ ಪರಂಪರೆ' ಅಂತ ಅಚ್ಚಾಗಿತ್ತು. ಅಷ್ಟು ಕತ್ತರಿಸಿಬಿಟ್ಟೆ."

ಅಧಿಕಾರಿ ಉತ್ತರಿಸುವಷ್ಟರಲ್ಲಿ ಬೀದಿಯಲ್ಲಿ ಹಾರ್ನ್ ಕೇಳಿಸಿತು. ಬೀದಿದೀಪದ ವಿಭಾಗಕ್ಕೆ ಅವನೇ ಫೋನ್ ಮಾಡಿ, ದೀಪ ರಿಪೇರಿಯವರನ್ನು ಕಬ್ಬಿಣದ ತೊಟ್ಟಿಲಲ್ಲಿ ಕಂಬದೆತ್ತರಕ್ಕೆ ಎತ್ತುವ, ಜನ ತೊಟ್ಟಿಲು ಗಾಡಿ ಎನ್ನುವ ವಾಹನವನ್ನು ತರಿಸಿದ್ದ. ಸೊಸೆ ಕೊಟ್ಟ ಟೀ ಇನ್ನೂ ಅವನ ಕೈಯಲ್ಲೇ ಬಿಸಿಯಾಗಿತ್ತು.

"ಬಂದೇಬಿಡ್ತಾ?" ಅವಳು ಕಿಟಕಿಯತ್ತ ನೋಡಿದಳು. "ಒಂದು ಫೋನಿಗೆ?"

ಅವನು ಟೀ ಒಂದು ಗುಟುಕು ಕುಡಿದ.

"ಅತ್ತೆ ಡಾಕ್ಟರ ಹತ್ರ ಹೋಗೋ ದಿನ ಕೂತ್ಕೊಂಡೇ ಮೆಟ್ಟಿಲಿಳೀತಿದ್ರು ಸಾರ್, ಮಗು ಥರ, ಒಂದೊಂದೇ. ಯಾರೂ ನೋಡಬಾರದು ಅಂತ ಬೀದಿ ಏಳೋಕೆ ಮುಂಚೆ." ಅವಳು ದನಿ ತಗ್ಗಿಸಿದಳು. "ಆವತ್ತು ಹಿಂದಿನ ಗೋಡೆಗೆ ಒಪ್ಪದ ಕಾನೂನು ಇವತ್ತು ಮುಂದಿನ ಕಿಟಕಿಗೆ ಒಪ್ಪಿಬಿಡ್ತಾ?"

"ಆವತ್ತೂ ಒಪ್ತಿತ್ತಮ್ಮ," ಎಂದ ಅಧಿಕಾರಿ. "ಒಪ್ಪದೆ ಇದ್ದೋನು ನಾನು."

ಸುತ್ತಿಗೆಯ ಸದ್ದು ಟಕ್ ಟಕ್ ಎನ್ನುತ್ತಲೇ ಇತ್ತು. ಅವಳು ಅವನ ಕೈಯಿಂದ ಲೋಟ ತೆಗೆದುಕೊಂಡಳು. ಅರ್ಧ ಟೀ ಹಾಗೇ ಇತ್ತು.

"ಅತ್ತೆಗೆ ಗೊತ್ತಿತ್ತಾ?"

"ಇಲ್ಲ."

"ಸದ್ಯ," ಎಂದಳು. ಹೊದಿಕೆಯ ಅಂಚನ್ನು ಸರಿಪಡಿಸಿ ಎದ್ದು ನಿಂತಳು. "ನಿಮ್ಮನ್ನ ಕಂಡ್ರೆ ಅವರಿಗೆ ಬಹಳ ಇಷ್ಟ ಇತ್ತು."

"ನಿಮ್ಮ ಯಜಮಾನರಿಗೆ ನಾನೇ ಹೇಳಿಬಿಡ್ತೀನಿ."

"ಬೇಡ. ಇವತ್ತೊಂದಿನ ನೀವು ಒಳ್ಳೆಯೋರು ಅಂದ್ಕೊಂಡೇ ಇರ್ಲಿ. ಅಮ್ಮನ್ನ ಕಳಿಸೋ ದಿನ ಅವರ ಹೊಟ್ಟೇಲಿ ಬೆಂಕಿ ಯಾಕೆ?"

ಅಷ್ಟರಲ್ಲಿ ಕಂಬ ಕಳಚಿ ಬಂತು. ಮಗ ಅದನ್ನು ಎತ್ತಿ, ಪೆಟ್ಟಾಗದ ಹಾಗೆ ತಾಯಿಯ ಹಾಸಿಗೆಯ ಮೇಲೇ ಮಲಗಿಸಿದ.

"ನೋಡ್ಕೊಳ್ಳಿ ಸಾರ್, ಒಂದು ಗೀರೂ ಬಿದ್ದಿಲ್ಲ."

ತೊಟ್ಟಿಲು ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ಸ್ಟ್ರೆಚರನ್ನು ಅದರ ಕಂಬಿಗಳ ಮೇಲಿಟ್ಟು ಹಗ್ಗ ಬಿಗಿದರು.

"ತಲೆ ಕಡೆ ಒಬ್ರು ನನ್ನ ಜೊತೆ ಬರ್ಬೇಕು," ಎಂದ ಗಾಡಿಯವನು. "ಎರಡೂ ಕೈಲಿ ಹಿಡ್ಕೊಂಡಿರ್ಬೇಕು. ಬಿಟ್ರೆ ವಾಲುತ್ತೆ."

ಮಗ ಮುಂದೆ ಬಂದ. ಕಣ್ಣೀರಲ್ಲಿ ಹಗ್ಗ ಕಾಣದೆ ಎಡವಿದ.

"ನೀವು ಬೇಡ ರೀ," ಎಂದಳು ಹೆಂಡತಿ. "ಕೆಳಗೆ ಹೋಗಿ ಇಳಿಸಿಕೊಳ್ಳಿ. ಸಾರ್ ಹೋಗ್ತಾರೆ." ಅವಳು ಅಧಿಕಾರಿಯ ಕಡೆ ನೋಡಲಿಲ್ಲ.

ಅವನು ಕಿಟಕಿ ದಾಟಿ ತೊಟ್ಟಿಲಿಗೆ ಇಳಿದು, ಬಗ್ಗಿ, ಸ್ಟ್ರೆಚರಿನ ತಲೆ ಕಡೆಗೆ ಅಡಿಯಿಂದ ಎರಡೂ ಕೈ ಕೊಟ್ಟು ಹಿಡಿದ. ಗಾಡಿ ಗುರ್ರೆಂದಿತು. ತೊಟ್ಟಿಲು ನಿಧಾನವಾಗಿ, ತೀರ ನಿಧಾನವಾಗಿ ಕೆಳಗಿಳಿಯತೊಡಗಿತು.

ಬೀದಿಗೆ ಬೀದಿಯೇ ನೆರೆದಿತ್ತು. ಎಲ್ಲರ ಮುಖವೂ ಮೇಲಕ್ಕೆ. ಕೆಲವರು ಮೊಬೈಲ್ ಎತ್ತಿ ಹಿಡಿದಿದ್ದರು. ಮಗ ಅಷ್ಟರಲ್ಲಿ ಮೆಟ್ಟಿಲಿಳಿದು ಓಡಿಬಂದು ಗುಂಪಿನ ನಡುವೆ ನಿಂತು, ಅಳುತ್ತಲೇ ಎಲ್ಲರಿಗೂ ಹೇಳುತ್ತಿದ್ದ: "ನಮ್ಮ ಸಾರು! ಇವರಿಲ್ದಿದ್ರೆ ಅಮ್ಮನ್ನ ಮೂಟೆ ಕಟ್ಟಬೇಕಾಗ್ತಿತ್ತು!"

"ಇಂಥ ಆಫೀಸರು ಎಲ್ಲಿ ಸಿಗ್ತಾರಪ್ಪ," ಎಂದರು ಯಾರೋ. ವಾಚ್‌ನವನೂ ಕನ್ನಡಕ ತೆಗೆದು ಕೈಮುಗಿದ.

ಅಧಿಕಾರಿಯ ಕಿವಿಯಿಂದ ಕತ್ತಿನವರೆಗೆ ಉರಿ ಹತ್ತಿತು. ಕಣ್ಣು, ಮೂಗು ಎರಡೂ ಸೋರತೊಡಗಿದವು. ಮುಖ ಮುಚ್ಚಿಕೊಳ್ಳೋಣವೆಂದರೆ, ಎರಡು ಕೈಯೂ ಟೇಲರಮ್ಮನ ತಲೆಯ ಕೆಳಗಿದ್ದವು.