ಮೇಷ್ಟ್ರ ಮೂಗು, ಮಕ್ಕಳ ಮುಖ

ನಮ್ಮ ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರ ಮೂಗು ಅವರಿಗಿಂತ ಒಂದು ಹೆಜ್ಜೆ ಮುಂದಾಗಿಯೇ ತರಗತಿಯನ್ನು ಪ್ರವೇಶಿಸುತ್ತಿತ್ತು. ಅಷ್ಟು ನೀಳವಾದ, ಅಷ್ಟು ಗಂಭೀರವಾದ ಆ ನಾಸಿಕಕ್ಕೆ ಗುಲಾಬಿಗೂ ಗಂಧಕಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲವೆಂದರೆ ಯಾರು ನಂಬಿಯಾರು? ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಘ್ರಾಣಶಕ್ತಿಯನ್ನೂ ಒಯ್ದಿತ್ತು. ಗುಟ್ಟು ಗೊತ್ತಿದ್ದುದು ಹೆಂಡತಿಗೊಬ್ಬಳಿಗೇ. "ಹಾಲು ಸೀದು ಕರಕಲಾದ್ರೂ ಪಕ್ಕದಲ್ಲೇ ಕೂತು ಪೇಪರ್ ಓದ್ತಿರ್ತಾರೆ, ಪುಣ್ಯಾತ್ಮ!" ಎಂದು ಆಕೆ ಎಷ್ಟೋ ಕಾಲದ ಮೇಲೆ ನನಗೆ ಹೇಳಿದ್ದುಂಟು. ಶಾಲೆಗೆ ತಿಳಿದರೆ ಪ್ರಯೋಗಶಾಲೆ ಕೈತಪ್ಪೀತೆಂದು ಮೇಷ್ಟ್ರಿಗೆ ದಿಗಿಲು. ಅದಿಲ್ಲದೆ ಅವರಿಗೆ ಬದುಕೇ ಸಪ್ಪೆ.

ಆಮ್ಲ ಸಿಡಿದು ತೂತುಬಿದ್ದ ಕೋಟು, ಎಡಗಾಲನ್ನು ಕೊಂಚ ಎಳೆದು ಹಾಕುವ ನಡಿಗೆ, ಮಾತಿಗೊಮ್ಮೆ "ಮಿಶ್ರಣವೋ, ಸಂಯುಕ್ತವೋ?" ಎಂಬ ಪ್ರಶ್ನೆ. ಪಕ್ಕದ ಕೊಠಡಿಯಲ್ಲಿ ವ್ಯಾಕರಣ ಬೋಧಿಸುತ್ತಿದ್ದ ನನ್ನನ್ನೂ ಬಿಟ್ಟವರಲ್ಲ: "ಸಂಧಿ ಬಿಡಿಸಿ ಬರೆಯಿರಿ ಅಂತೀರಲ್ಲ, ಅಷ್ಟು ಸಲೀಸಾಗಿ ಬಿಡಿಸೋಕಾದ್ರೆ ಅದು ಬರೀ ಮಿಶ್ರಣ ಕಣ್ರೀ!"

ವಾಸನೆಯ ಪಾಠಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಸೀಸೆಯ ಬಿರಡೆ ತೆಗೆದು ಮಕ್ಕಳ ಮುಖ ನೋಡುವರು, ಮುಂದಿನ ಬೆಂಚಿನ ಮೂಗುಗಳು ಸುಕ್ಕಾದೊಡನೆ "ನೋಡಿದ್ರಾ, ಘಾಟು!" ಎಂದು ಘೋಷಿಸುವರು.

ಒಂದು ದಿನ ಕಬ್ಬಿಣದ ಪುಡಿ ಮತ್ತು ಗಂಧಕದ ಪ್ರಯೋಗ. ಬರಿದೇ ಬೆರೆಸಿದ್ದನ್ನು ಅಯಸ್ಕಾಂತ ಬೇರ್ಪಡಿಸಿತು. ಕಾಯಿಸಿ ಒಂದಾದದ್ದರ ಮುಂದೆ ಅದರ ಆಟ ನಡೆಯಲಿಲ್ಲ. ಆ ಸಂಯುಕ್ತದ ಮೇಲೆ ಆಮ್ಲ ಬಿದ್ದರೆ ಕೊಳೆತ ಮೊಟ್ಟೆಯ ನಾತ ಏಳಬೇಕು. ಆದರೆ ಮೂಗು ಮುರಿದವರು ಸೋತಂತೆ ಎಂದು ಮಕ್ಕಳು ಮೊದಲೇ ಪಂದ್ಯ ಕಟ್ಟಿ ಕಲ್ಲಿನಂತೆ ಕುಳಿತಿದ್ದರು. ಯಾವ ಮುಖವೂ ಮಿಸುಕದಿರಲು ಮೇಷ್ಟ್ರು "ಆಮ್ಲ ಸಾಲದೇನೋ" ಎಂದು ಮತ್ತಷ್ಟು ಸುರಿದರು. ಮತ್ತೂ ಸುರಿದರು.

"ಸರ್, ತಲೆ ಸುತ್ತುತ್ತಿದೆ" ಎಂದ ಹುಡುಗಿಯೊಬ್ಬಳು ಮೇಜಿಗೆ ಒರಗಿದಳು.

"ಎಲ್ರೂ ಆಚೆ ನಡೀರಿ!" ಎಂಬ ಮೇಷ್ಟ್ರ ಕೂಗಿಗೆ ನಾನೂ ಓಡಿಬಂದೆ. ಅಬ್ಬಾ, ಆ ನಾತ! ಮೇಷ್ಟ್ರು ಆ ಹುಡುಗಿಯನ್ನು ಎತ್ತಿಕೊಂಡು ಅಂಗಳಕ್ಕೆ ತಂದಿದ್ದರು. ಗಾಳಿ ಸೋಕಿ ಆಕೆ ಎದ್ದು ಕೂತು ನೀರು ಕುಡಿದ ಮೇಲೆಯೇ ನಮಗೆಲ್ಲ ಹೋದ ಜೀವ ಬಂದಂತಾಯಿತು.

"ನಮ್ದೇ ತಪ್ಪು ಸರ್, ಪಂದ್ಯ ಕಟ್ಟಿದ್ವಿ" ಎಂದು ಮಕ್ಕಳು ಅಳತೊಡಗಿದರು. ಮುಖ್ಯೋಪಾಧ್ಯಾಯಿನಿಯೂ ಅಲ್ಲೇ ನಿಂತಿದ್ದರು. ಮೇಷ್ಟ್ರು ತುಟಿ ಎರಡು ಮಾಡದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ನಿಮ್ದಲ್ಲ ಕಣ್ರೋ. ನನಗೆ ವಾಸನೆಯೇ ಗೊತ್ತಾಗಲ್ಲ. ಇಷ್ಟು ದಿನ ನಿಮ್ಮ ಮುಖ ನೋಡ್ಕೊಂಡು ಪಾಠ ಮಾಡ್ತಿದ್ದೆ" ಎಂದರು. ಪ್ರಯೋಗಶಾಲೆಯ ಬೀಗದ ಕೈಯನ್ನು ಮುಖ್ಯೋಪಾಧ್ಯಾಯಿನಿಯ ಕೈಗೆ ತಾವೇ ಕೊಟ್ಟರು. ಆಮೇಲೆ ನಿವೃತ್ತರಾಗುವವರೆಗೂ ಅವರ ಪಾಲಿಗೆ ಉಳಿದದ್ದು ಸೀಮೆಸುಣ್ಣವೊಂದೇ.

ಮೇಷ್ಟ್ರುಗಳಲ್ಲಿ ಇಂಥದೊಂದು ಜಾತಿಯುಂಟು. ತಮ್ಮ ಪಾಠ ಹೇಗಿತ್ತೆಂಬುದನ್ನು ಅವರು ಎದುರಿಗಿರುವ ಎಳೆಯ ಮುಖಗಳಿಂದಲೇ ತಿಳಿಯುತ್ತಾರೆ. ಆ ಮುಖಗಳಲ್ಲೊಂದು ತಮ್ಮಿಂದ ಬಾಡಿತೆಂದರೆ, ಮಾನ ಉಳಿಸಿಕೊಳ್ಳುವ ದಾರಿ ಕಣ್ಣೆದುರೇ ತೆರೆದಿದ್ದರೂ ಅತ್ತ ಕಾಲಿಡುವುದಿಲ್ಲ.